ಚಿಕ್ಕಪ್ಪನ ರೆಕಾರ್ಡು ಹುಡುಕಿ ಮದರಾಸಿಗೆ

ಹೊರಡುವ ಮುಂಚೆ, ತುಮಕೂರು

ಪರದೇಶ ನೋಡಿ ಬಂದವರು ಬರೆದದ್ದನ್ನು ನಾನು ಬೇಕಾದಷ್ಟು ಓದಿದ್ದೇನೆ. ಹಿಮ ಬಿತ್ತಂತೆ, ರೈಲು ನಿಮಿಷ ತಪ್ಪದೆ ಬಂತಂತೆ, ಅನ್ನವನ್ನು ಚಮಚದಲ್ಲಿ ತಿಂದರಂತೆ. ನನ್ನ ಪರದೇಶ ಅಷ್ಟು ದೂರದ್ದಲ್ಲ. ಬೆಳಿಗ್ಗೆ ತುಮಕೂರಿನಲ್ಲಿ ಉಪ್ಪಿಟ್ಟು ತಿಂದು ಹೊರಟರೆ ರಾತ್ರಿ ಊಟದ ಹೊತ್ತಿಗೆ ಸಿಕ್ಕಿಬಿಡುತ್ತದೆ. ಆದರೂ ಭಾಷೆ ಬೇರೆ, ನೀರು ಬೇರೆ, ಬಿಸಿಲಂತೂ ಬೇರೆಯೇ. ಐವತ್ಮೂರನೇ ವಯಸ್ಸಿನಲ್ಲಿ ಮೊದಲ ಸಲ ಒಬ್ಬಳೇ ರಾಜ್ಯದ ಗಡಿ ದಾಟಿದವಳಿಗೆ ಅದು ಪರದೇಶವಲ್ಲದೆ ಇನ್ನೇನು? ಮದರಾಸು ಚೆನ್ನೈ ಆಗಿ ಆರೇಳು ವರ್ಷ ಕಳೆದಿತ್ತು. ನಮ್ಮ ಮನೆಯಲ್ಲಿ ಮಾತ್ರ ಅದಿನ್ನೂ ಮದರಾಸೇ.

ಹೋದದ್ದು ಸಮುದ್ರ ನೋಡುವುದಕ್ಕಲ್ಲ, ನಾನೇ ಮಾಡಿದ ಒಂದು ತಪ್ಪನ್ನು ಸರಿಮಾಡುವುದಕ್ಕೆ.

ನನ್ನ ಅಪ್ಪನ ತಮ್ಮ ಸೀತಾರಾಮು ಚಿಕ್ಕಪ್ಪ ನಮ್ಮ ಜೊತೆಯಲ್ಲೇ ಇರುವವರು. ಮದುವೆ ಮಾಡಿಕೊಂಡವರಲ್ಲ. ಇಪ್ಪತ್ಮೂರನೇ ವಯಸ್ಸಿನಲ್ಲಿ ಪಿಟೀಲು ಹಿಡಿದುಕೊಂಡು ಮದರಾಸಿಗೆ ಹೋದರು. ಹದಿನಾರು ವರ್ಷದ ಮೇಲೆ ಪಿಟೀಲಿಲ್ಲದೆ ವಾಪಸು ಬಂದು, ಮಂಡಿಪೇಟೆಯಲ್ಲಿದ್ದ ನಮ್ಮ ತಾತನ ಧಾನ್ಯದ ಅಂಗಡಿಯಲ್ಲಿ ರಾಗಿ ಅಳೆಯುತ್ತಾ ಕೂತರು. "ಮದರಾಸಿನಲ್ಲಿ ನಾನು ಕಂಡಕ್ಟರ್ ಆಗಿದ್ದೆ" ಅನ್ನುತ್ತಿದ್ದರು. ಬಸ್ಸಿನದಲ್ಲ, ವಾದ್ಯಗಾರರ ಎದುರು ನಿಂತು ಕೈಯಾಡಿಸಿ ಎಲ್ಲರೂ ಒಟ್ಟಿಗೆ ನುಡಿಸುವ ಹಾಗೆ ಮಾಡುವ ಕೆಲಸ. ಹೊಟ್ಟೆಪಾಡಿಗೆ ಸಿನಿಮಾ ಹಾಡುಗಳು. ಅದರ ಮಧ್ಯೆ ಒಂದೇ ಒಂದು ರೆಕಾರ್ಡು ಮಾತ್ರ ಮನಸ್ಸಿಗೆ ಬೇಕೆಂದು ಮಾಡಿದ್ದು: ನಮ್ಮ ಶಾಸ್ತ್ರೀಯ ರಾಗಗಳನ್ನು ನಲವತ್ತು ಜನರ ವಾದ್ಯವೃಂದಕ್ಕೆ ಹೊಂದಿಸಿದ್ದು. "ಅದನ್ನ ಕೇಳಿದ್ರೆ ನೀವು ಸುಮ್ನೆ ಕೂತ್ಕೊಂಡುಬಿಡ್ತೀರಿ" ಅನ್ನುತ್ತಿದ್ದರು. ಯಾರು ಕೇಳಿದ್ದಾರೆ? ಯಾರೂ ಇಲ್ಲ. ಅವರ ಹತ್ತಿರವೇ ಒಂದು ಪ್ರತಿ ಇರಲಿಲ್ಲ. ಆ ಕಾಲದ ಒಂದು ಫೋಟೋ ಕೂಡ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಸಾಧಿಸಿ ತೋರಿಸದೆ ಏನನ್ನೂ ಒಪ್ಪಬೇಡಿ ಎಂದು ಮಕ್ಕಳ ತಲೆಗೆ ಕುಟ್ಟಿ ಕುಟ್ಟಿ ಹೇಳಿ ಅದೇ ನನ್ನ ಸ್ವಭಾವವೂ ಆಗಿಬಿಟ್ಟಿದೆ. ಎರಡು ವರ್ಷದ ಹಿಂದೆ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಮೂವತ್ತು ಜನ ನೆಂಟರು ಊಟಕ್ಕೆ ಕೂತಿದ್ದರು. ನನಗೋ ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ತಲೆ ಕಾದಿತ್ತು. ಚಿಕ್ಕಪ್ಪ ಪಕ್ಕದ ಎಲೆಯವರಿಗೆ ಅದೇ ಪುರಾಣ ಶುರುಮಾಡಿದರು. ನಾನು ಸಾರಿನ ಪಾತ್ರೆ ಹಿಡಿದು ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದೆ: "ಚಿಕ್ಕಪ್ಪ, ಅಂಥಾ ರೆಕಾರ್ಡು ಇದ್ದಿದ್ರೆ ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಕೇಳಿರ್ತಿದ್ರು. ಸಾಕು, ಸಾರು ಆರಿಹೋಗುತ್ತೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಚಿಕ್ಕಪ್ಪ ಸಾರನ್ನ ಕಲಸಿ ಉಂಡರು, ಮಜ್ಜಿಗೆ ಕುಡಿದರು, ಕೈ ತೊಳೆದರು. ಅವತ್ತಿನಿಂದ ಮದರಾಸು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಮಾತೇ ಕಮ್ಮಿಯಾಯಿತು. ಬೆಳಿಗ್ಗೆ ನಾನು ನಾಲ್ಕು ಮಾತ್ರೆ ಎಣಿಸಿ ಅಂಗೈಗೆ ಹಾಕಿದರೆ ಸುಮ್ಮನೆ ನುಂಗಿ ನೀರು ಕುಡಿದು ಲೋಟ ಕೊಡುವರು. "ಆ ರೆಕಾರ್ಡಿನ ಹೆಸರೇನು ಚಿಕ್ಕಪ್ಪ?" ಎಂದು ನಾನಾಗಿಯೇ ಕೇಳಿದರೂ "ಬಿಡು" ಅಂದರು. ಎರಡನೇ ಸಲ ಕೇಳಿದ್ದಕ್ಕೆ ಅದೂ ಇಲ್ಲ.

ಅವರ ಬಲಗಿವಿ ಯಾವತ್ತೋ ಹೋಗಿತ್ತು. ಈ ಸಲ ಡಾಕ್ಟರು ಎಡಗಿವಿಯನ್ನು ನೋಡಿ, ಇದೂ ಜಾಸ್ತಿ ದಿನ ಬರುವುದಿಲ್ಲ ಅಂದರು. ಬೇಸಿಗೆ ರಜಕ್ಕೆ ಕಾದು, ಅಡ್ಯಾರಿನಲ್ಲಿರುವ ಅಕ್ಕನ ಮಗಳು ವಸುಧಾಳ ಮನೆಗೆ ಹೋಗುತ್ತೇನೆ ಎಂದು ಹೇಳಿ ಹೊರಟೆ.

ಹಗಲು ರೈಲು

ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಒಂದು ಡಬ್ಬ ರವೆ ಉಂಡೆ ಕಟ್ಟಿಕೊಂಡಿದ್ದೆ. ಬೆಂಗಳೂರು ಬಿಟ್ಟು ಎರಡು ಗಂಟೆಯಾಗಿರಬೇಕು, ರೈಲು ಗಕ್ಕನೆ ನಿಂತಿತು. ಮೇಲಿದ್ದ ಡಬ್ಬ ಕೆಳಗೆ ಬಿತ್ತು, ಮುಚ್ಚಳ ಹಾರಿತು, ಉಂಡೆಗಳು ಬೋಗಿಯ ತುಂಬ ಉರುಳಿದವು. ಎದುರಿಗೆ ಕೂತಿದ್ದ ತಮಿಳು ಹೆಂಗಸು ಒಂದು ಮಾತನ್ನೂ ಆಡದೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಪರರ ಚಪ್ಪಲಿಗಳ ನಡುವಿನಿಂದ ಒಂದೊಂದನ್ನೇ ಆರಿಸಿ, ನೆಲ ಮುಟ್ಟಿದ್ದನ್ನು ಬೇರೆ, ಸೀಟಿನ ಮೇಲೆ ಬಿದ್ದದ್ದನ್ನು ಬೇರೆ ಮಾಡಿದರು. ನಮ್ಮ ಕಡೆಯಾಗಿದ್ದರೆ ಮೊದಲು ಎಲ್ಲರೂ ಅಯ್ಯಯ್ಯೋ ಅನ್ನುವುದಕ್ಕೇ ಐದು ನಿಮಿಷ ಬೇಕಿತ್ತು.

ಒಳ್ಳೆಯದೆಷ್ಟು ಉಳಿಯಿತು ಎಂದು ಎಣಿಸಿದೆ. "ಲಾಭ, ಎರಡು, ಮೂರು..." ನಮ್ಮದು ಮಂಡಿ ಮನೆತನ. ಧಾನ್ಯ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಶುರುವಿನಲ್ಲೇ ಒಳ್ಳೆಯ ಮಾತು ಬರಲಿ ಎಂದು. ಅಂಗಡಿ ಮುಚ್ಚಿ ಎಷ್ಟು ಕಾಲವಾದರೂ ನಾಲಗೆ ಬಿಟ್ಟಿಲ್ಲ. ತರಗತಿಯಲ್ಲಿ ಹುಡುಗಿಯರ ತಲೆ ಎಣಿಸುವಾಗಲೂ ಬಾಯಿಗೆ ಅದೇ ಬಂದು ನಗೆಪಾಟಲಾಗಿದ್ದೇನೆ. ಎದುರಿನ ಹೆಂಗಸು ನಕ್ಕು, "ಎಂಗ ಊರ್ಲೆಯೂ ಲಾಬಂ ತಾನ್" ಅಂದರು. ಅವರೂರಲ್ಲೂ ಹಾಗೇ ಅಂತೆ. ಹದಿನೇಳು ಉಂಡೆ ಉಳಿದಿದ್ದವು.

ಅಡ್ಯಾರ್

ವಸುಧಾ ಮದುವೆಯಾಗಿ ಮೈಸೂರು ಬಿಟ್ಟು ಇಲ್ಲಿಗೆ ಬಂದು ಹತ್ತು ವರ್ಷ. ಗಂಡ ಬ್ಯಾಂಕಿನಲ್ಲಿದ್ದಾನೆ. ಮಗಳು ನಿಧಿಗೆ ಎಂಟು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಆ ಮಗು ಎಲ್ಲವನ್ನೂ ಅರ್ಥಮಾಡಿಕೊಂಡು ತಮಿಳಿನಲ್ಲಿ ಉತ್ತರಿಸುತ್ತದೆ. ಉಂಡೆ ಕೊಡಲಾ ಎಂದರೆ "ವೇಂಡಾಂ ಪಾಟಿ" ಅಂದಿತು. ಬೇಡ ಅಂದದ್ದಕ್ಕೆ ಬೇಜಾರಿಲ್ಲ, ಪಾಟಿ, ಅಂದರೆ ಅಜ್ಜಿ, ಅಂದದ್ದಕ್ಕೆ ಸ್ವಲ್ಪ ಆಯಿತು.

ರಸ್ತೆಯ ಎರಡೂ ಕಡೆ ಮರಗಳು, ಸಂಜೆಯಾದರೆ ಸಮುದ್ರದ ಗಾಳಿ. ಇಲ್ಲದ್ದು ನೀರೊಂದೇ. ಆ ವರ್ಷ ಊರಿಗೆ ಊರೇ ನೀರಿನ ಲಾರಿ ಕಾಯುತ್ತಿತ್ತು. ಬೀದಿಯ ತುದಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ನಿಂತಿರುತ್ತಿದ್ದವು, ಹಿಂದೆ ಮನುಷ್ಯರಿಲ್ಲ. ಕೊಡವೇ ಸರದಿ ಹಿಡಿಯುತ್ತದೆ, ಯಾರೂ ಮುಟ್ಟುವುದಿಲ್ಲ. ತುಮಕೂರಿನಲ್ಲಿ ಕೊಡ ಒಂದನ್ನೇ ಬಿಟ್ಟು ಬಂದರೆ ಸರದಿ ಹಾಗಿರಲಿ, ಕೊಡವೂ ಸಿಗುವುದಿಲ್ಲ.

ಇದೆಲ್ಲ ತಿಳಿಯುವ ಮುಂಚೆಯೇ ನಾನು ಅನಾಹುತ ಮಾಡಿದೆ. ಮೊದಲ ದಿನ ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡೆ, ಪ್ರಯಾಣದ ಬಟ್ಟೆ ಒಗೆದೆ, ಜಾಲಿಸಿದೆ, ಇನ್ನೊಮ್ಮೆ ಜಾಲಿಸಿದೆ. ನಾಲ್ಕು ಮನೆಗೆ ಸೇರಿದ ತೊಟ್ಟಿ ಅದು. ಕೆಳಗಿನ ಮನೆಯ ಓನರ್ ಮಾಮ ಬೀಗದ ಕೈ ಗೊಂಚಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ರಿಟೈರ್ಡ್ ಇಂಜಿನಿಯರು, ಹಣೆಯ ತುಂಬ ವಿಭೂತಿ. ಮೋಟಾರು ಹಾಕುವುದು ದಿನಕ್ಕೆ ಹದಿನೈದು ನಿಮಿಷ, ಅದೂ ಅವರ ಕೈಯಿಂದಲೇ. ಈ ಮನೆಯಲ್ಲಿ ಮದುವೆ ಏನಾದರೂ ನಡೆಯುತ್ತಿದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನೂ ಇಂಗ್ಲಿಷಿನಲ್ಲೇ, ಮನೆಗೆ ಬಂದ ಅತಿಥಿಯ ಸ್ನಾನ ಅಳೆಯುವ ಊರನ್ನು ಇದೇ ಮೊದಲು ನೋಡಿದೆ ಅಂದೆ. ವಸುಧಾ ನನ್ನ ಕೈ ಹಿಡಿದು ಒಳಕ್ಕೆ ಎಳೆದಳು.

"ಚಿಕ್ಕಮ್ಮ, ದಯವಿಟ್ಟು. ಇನ್ನೂ ಒಂದು ವರ್ಷ ಇದೇ ಮನೇಲಿ ಇರ್ಬೇಕು ನಾವು."

"ಅವನೇನು ವರುಣದೇವನಾ?"

"ಬೈಬೇಡಿ, ಒಳ್ಳೇವ್ರು. ಸಂಗೀತ ಅಂದ್ರೆ ಪ್ರಾಣ. ಆದ್ರೆ ಯಾರ ಸಂಗೀತಾನೂ ಅವರಿಗೆ ಸರಿಬರಲ್ಲ, ಅಷ್ಟೇ."

ಕೋಡಂಬಾಕ್ಕಂ

ಮಾರನೇ ದಿನ ಕೋಡಂಬಾಕ್ಕಂಗೆ ಹೋದೆ. ಚಿಕ್ಕಪ್ಪ ಹಿಂದೆ ಹೇಳುತ್ತಿದ್ದ ಸ್ಟುಡಿಯೋದ ಹೆಸರೊಂದು ನೆನಪಿತ್ತು. ಅಲ್ಲಿ ಈಗ ಅಪಾರ್ಟ್‌ಮೆಂಟುಗಳ ಸಾಲು. ಗೇಟು ಮಾತ್ರ ಹಳೆಯದು. ಕಾವಲಿನವನನ್ನು ಕೇಳಿದರೆ, ನಲವತ್ತು ವರ್ಷದ ಹಿಂದಿನ ಕಥೆ ಕೇಳುವುದಕ್ಕೆ ವಾದ್ಯಗಾರರ ಸಂಘಕ್ಕೆ ಹೋಗಿ ಅಂದ. ದಾರಿ ಗೊತ್ತಾಗದೆ ನಿಂತಾಗ ಹೂ ಕಟ್ಟುತ್ತಿದ್ದವಳೊಬ್ಬಳು ಎದ್ದು, ಎರಡು ತಿರುವು ನನ್ನ ಜೊತೆ ನಡೆದು, ಕಟ್ಟಡ ತೋರಿಸಿ, ತಿರುಗಿ ಹೋದಳು. ಯಾವೂರು, ಯಾರ ಮನೆ, ಮಕ್ಕಳೆಷ್ಟು, ಏನೂ ಕೇಳಲಿಲ್ಲ. ನಮ್ಮಲ್ಲಿ ಇಷ್ಟನ್ನೂ ಕೇಳಿ ತಿಳಿದುಕೊಂಡ ಮೇಲೆ ದಾರಿ ನನಗೆ ಗೊತ್ತಿಲ್ಲ ಅನ್ನುತ್ತೇವೆ.

ಸಂಘದ ಮೇಜಿನ ಹಿಂದೆ ಕೂತಿದ್ದವರು ತಾಳ್ಮೆಯವರು. ಹಳೆಯ ಸದಸ್ಯರ ರಿಜಿಸ್ಟರು ತೆಗೆದು ಬೆರಳಿಟ್ಟು ಪುಟಪುಟ ಇಳಿದರು. ಸೀತಾರಾಮು ಎಂಬ ಕಂಡಕ್ಟರ್ ಇರಲಿಲ್ಲ. ಸೀತಾರಾಮಯ್ಯ, ಸೀತಾರಾಮನ್ ಎಂದೆಲ್ಲ ಹುಡುಕಿದರು. ತಬಲಾದವನೊಬ್ಬ ಸಿಕ್ಕ, ಅವನು ಗುಂಟೂರಿನವನು.

ಹೊರಗೆ ಬಂದು ಅಂಗಡಿಯ ಚಪ್ಪರದ ನೆರಳಿನಲ್ಲಿ ನಿಂತೆ. ನಿಜ ಹೇಳಿಬಿಡುತ್ತೇನೆ, ಆಗ ನನಗೆ ಹೆದರಿಕೆಯಾಯಿತು. ಇಷ್ಟು ದೂರ ಬಂದದ್ದು ನಾನು ಆಡಿದ್ದು ಸುಳ್ಳಾಗಲಿ ಎಂದು. ಅದೇ ನಿಜವಾಗಿಬಿಟ್ಟರೆ? ಚಿಕ್ಕಪ್ಪ ನಲವತ್ತು ವರ್ಷ ಹೇಳಿಕೊಂಡು ಬಂದದ್ದು ಬುರುಡೆಯೇ ಆಗಿದ್ದರೆ ನಾನು ಯಾವ ಮುಖ ಹೊತ್ತು ಹೋಗಿ ತಪ್ಪಾಯಿತು ಅನ್ನಲಿ? ಅಂದರೂ ಆ ಮಾತಿಗೆ ಏನು ಬೆಲೆ?

ಸಂಘದವರು ಹಿಂದೆಯೇ ಬಂದು ಒಂದು ಚೀಟಿ ಕೊಟ್ಟರು. ವಡಪಳನಿಯಲ್ಲಿ ದೇವಸ್ಥಾನದ ಹಿಂದೆ ಆಚಾರ್ ಸಾರ್ ಎಂಬ ಹಳೆಯ ಪಿಟೀಲಿನವರಿದ್ದಾರೆ, ಮನೆಯಲ್ಲಿ ನಿಮ್ಮ ಭಾಷೆ ಆಡುತ್ತಾರೆ, ಕೇಳಿ ನೋಡಿ ಅಂದರು.

ವಡಪಳನಿ

ಮುರುಗನ ದೇವಸ್ಥಾನದ ಹಿಂದಿನ ಓಣಿ, ಮೊದಲ ಮಹಡಿ. ಬರಿಗೈ ಬೇಡವೆಂದು ಉಂಡೆಯ ಡಬ್ಬವನ್ನು ಚೀಲದಲ್ಲಿ ಹಾಕಿಕೊಂಡು ಮಾರನೇ ಬೆಳಿಗ್ಗೆ ಹೋದೆ. ರಾಘವಾಚಾರ್ ಎಪ್ಪತ್ತು ದಾಟಿದವರು, ತೆಳ್ಳಗೆ, ಎಡಗೈ ಬೆರಳ ತುದಿಗಳು ಇನ್ನೂ ಗಟ್ಟಿ. ಅವರ ತಾತನ ಕಾಲದಿಂದ ಮದರಾಸಿನವರು. ನಾನು ಕನ್ನಡ ಆಡಿದ್ದೇ ಬಾಗಿಲು ಪೂರ್ತಿ ತೆರೆಯಿತು.

"ವಾಂಗೋ, ಒಳಗೆ ಬನ್ನಿ ಅಮ್ಮಾ. ತುಮಕೂರಾ? ಅಲ್ಲಿ ನಮ್ಮ ಸೊಂದಕ್ಕಾರರು, ನೆಂಟರು ಇದ್ರು. ಕಾಪಿ ಕುಡಿದು ಅಪ್ಪುರಂ ಮಾತಾಡೋಣ."

ಅವರ ಹೆಂಡತಿ ಕಮಲಮ್ಮ ಡಬರದಲ್ಲಿ ಕಾಫಿ ತಂದರು. ನಾನು ಚಿಕ್ಕಪ್ಪನ ಹೆಸರು ಹೇಳಿದೆ, ಊರು ಹೇಳಿದೆ, ಪರ್ಸಿನಲ್ಲಿದ್ದ ಈಗಿನ ಫೋಟೋ ತೋರಿಸಿದೆ. ಆಚಾರ್ ಕನ್ನಡಕ ಏರಿಸಿ ಆ ಬೋಳು ತಲೆಯ ಮುದುಕರನ್ನು ಬಹಳ ಹೊತ್ತು ನೋಡಿ ತಲೆಯಾಡಿಸಿದರು.

"ತೆರಿಯಿಲ್ಲೆ ಅಮ್ಮಾ. ಗೊತ್ತಾಗ್ತಿಲ್ಲ. ಆಗ ಕನ್ನಡ ಪಟ, ಸಿನಿಮಾ ಎಲ್ಲಾ ಇಲ್ಲೇ ಆಗ್ತಿತ್ತು, ಕನ್ನಡದೋರು ಬೇಕಾದಷ್ಟು ಜನ. ಹೆಸರು ಯಾರು ಕೇಳ್ತಿದ್ರು? ಎದುರಿಗೆ ನಿಂತೋರೆಲ್ಲಾ ಮಾಸ್ಟರ್, ಅಷ್ಟೇ."

"ಶಾಸ್ತ್ರೀಯ ರಾಗಗಳ ಒಂದು ರೆಕಾರ್ಡು ಮಾಡಿದ್ದರಂತೆ. ನಲವತ್ತು ಜನರ ವಾದ್ಯವೃಂದ."

"ಅಂಥದ್ದು ಎಷ್ಟೋ. ದಿನಕ್ಕೆ ಎರಡು ಕಡೆ ನುಡಿಸ್ತಿದ್ದೆ ನಾನು. ಯಾವುದು ಅಂತ ಹೇಳಲಿ?"

ಮುಗಿಯಿತು ಅಂದುಕೊಂಡೆ. ಕಾಫಿ ಮಾತ್ರ ಚೆನ್ನಾಗಿತ್ತು, ಸುಮ್ಮನೆ ಕುಡಿದೆ. ಏಳುವ ಮುಂಚೆ ಡಬ್ಬ ತೆಗೆದು, ಒಂದು ತಟ್ಟೆ ಕೊಡಿ, ಊರಿಂದ ಉಂಡೆ ತಂದಿದ್ದೇನೆ ಅಂದೆ. ನಾಲ್ಕು ಸಾಕು ಎಂದರು ಕಮಲಮ್ಮ. ನಾನು ತಟ್ಟೆಗೆ ಹಾಕತೊಡಗಿದೆ.

"ಲಾಭ, ಎರಡು, ಮೂರು, ನಾಲ್ಕು."

ಆಚಾರ್ ಲೋಟವನ್ನು ಕೆಳಗಿಟ್ಟರು. "ಏನಂದ್ರಿ? ಇನ್ನೊಂದು ತಡವೆ ಹೇಳಿ."

ಕೊಡುವ ತಿಂಡಿಯನ್ನು ಎಣಿಸಿದ್ದು ತಪ್ಪಾಯಿತೇನೋ ಎಂದು ನನಗೆ ನಾಚಿಕೆಯಾಯಿತು. "ಕ್ಷಮಿಸಿ, ನಮ್ಮ ಮನೆಯ ಅಭ್ಯಾಸ. ಧಾನ್ಯ ಅಳೆಯೋರು ನಾವು. ಚಿಕ್ಕಪ್ಪನೂ ಹಾಗೇ ಎಣಿಸೋದು."

"ಲಾಬಂ ಮಾಸ್ಟರ್" ಅಂದರು ಆಚಾರ್, ಮೆಲ್ಲಗೆ. ಹೆಂಡತಿಯ ಕಡೆ ತಿರುಗಿದರು. "ಕಮಲಾ, ಇವರು ನಮ್ಮ ಲಾಬಂ ಮಾಸ್ಟರ್ ಅಣ್ಣನ ಮಗಳು."

ಆಮೇಲೆ ಅವರ ಮಾತು ನಿಲ್ಲಲೇ ಇಲ್ಲ. ರೆಕಾರ್ಡಿಂಗಿನಲ್ಲಿ ಎಲ್ಲರೂ ಒಂದೇ ಉಸಿರಿಗೆ ಎತ್ತಿಕೊಳ್ಳಬೇಕು. ಅದಕ್ಕೆ ಎದುರು ನಿಂತವರು ನಾಲ್ಕು ಎಣಿಸುತ್ತಾರೆ. ಬೇರೆಯವರೆಲ್ಲ ಒನ್, ಟೂ, ತ್ರೀ, ಫೋರ್ ಅನ್ನುವರು. ನಮ್ಮ ಚಿಕ್ಕಪ್ಪ ಮಂಡಿಯಲ್ಲಿ ರಾಗಿ ಅಳೆದ ಹಾಗೆಯೇ, ಲಾಭ, ಎರಡು, ಮೂರು, ನಾಲ್ಕು. ಮೊದಲ ದಿನ ಪಿಟೀಲಿನವರೆಲ್ಲ ನಕ್ಕು ಟೇಕ್ ಕೆಟ್ಟಿತಂತೆ. ಆದರೆ ದುಡ್ಡು ಹಾಕಿದ ಪ್ರೊಡ್ಯೂಸರು ಒಳಗಿನಿಂದ ಓಡಿಬಂದು, ಇನ್ನು ಮೇಲೆ ಹೀಗೇ ಎಣಿಸಬೇಕು, ನನ್ನ ಚಿತ್ರಕ್ಕೆ ಮೊದಲು ಬಿದ್ದ ಮಾತೇ ಲಾಭ ಅಂದರಂತೆ. ಅವತ್ತಿನಿಂದ ಆ ಹೆಸರು.

"ಆ ರೆಕಾರ್ಡು?" ಅಂದೆ.

"ನಾನೇ ನುಡಿಸಿದೀನಿ ಅಮ್ಮಾ, ಎರಡನೇ ಸಾಲಲ್ಲಿ ಕೂತು. ಕಂಪನಿ ಓನರ್ ಒಬ್ಬ ದೊಡ್ಡ ಮ್ಯೂಸಿಕ್ ಡೈರೆಕ್ಟರ್ ಹೆಸರು ಹಾಕ್ತೀನಿ ಅಂದ, ವ್ಯಾಪಾರ ಆಗುತ್ತೆ ಅಂತ. ಮಾಸ್ಟರ್ ಒಪ್ಪಲಿಲ್ಲ. ನನ್ನ ಹೆಸರು ಬೇಡ ಅಂದ್ರೆ ಯಾರ ಹೆಸರೂ ಬೇಡ ಅಂದ್ರು. ಹಾಗೇ ಬಂತು, ಹೆಸರಿಲ್ಲದೆ. ಸ್ವಲ್ಪವೇ ಪ್ರತಿ. ಕಂಪನೀನೂ ಮುಚ್ಚಿಹೋಯ್ತು. ಮಾಸ್ಟರ್ ಒಂದು ಪ್ರತಿಗೂ ಕಾಯದೆ ಮೊದಲೇ ಊರು ಬಿಟ್ಟಿದ್ರು."

"ನಿಮ್ಮ ಹತ್ತಿರ ಇದೆಯಾ?"

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಕಮಲಮ್ಮ ಸೆರಗಿನ ತುದಿ ತಿರುವುತ್ತಾ, "ಅದು ಪರಣ್ ಮೇಲೆ ಇದೆ. ಹಪ್ಪಳದ ಡಬ್ಬಾಕ್ಕೆ ಮೂಡಿ ಹಾಕಿದೀನಿ" ಅಂದರು. ಮೂಡಿ ಅಂದರೆ ಮುಚ್ಚಳ. ಅಟ್ಟದ ಮೇಲಿನ ಹಪ್ಪಳದ ಡಬ್ಬಕ್ಕೆ ನಮ್ಮ ಚಿಕ್ಕಪ್ಪನ ರೆಕಾರ್ಡು ಮುಚ್ಚಳ.

ಆಚಾರ್ ಸ್ಟೂಲು ಹತ್ತಿದರು, ನಾನು ಸ್ಟೂಲು ಹಿಡಿದುಕೊಂಡೆ. ಮೇಲೆ ಒಂದು ರುಬ್ಬುಗುಂಡು ಹೇರಿದ್ದರು. ಪುಣ್ಯಾತ್ಗಿತ್ತಿ ಕಮಲಮ್ಮ ರೆಕಾರ್ಡನ್ನು ಅದರ ರಟ್ಟಿನ ಕವಚದಿಂದ ತೆಗೆದಿರಲಿಲ್ಲ. ಮೇಲೆ ಕೆಳಗೆ ಒಂದೊಂದು ಹಳೇ ಟವೆಲ್ಲು ಮಡಿಸಿ ಇಟ್ಟಿದ್ದರು. ಇರುವೆ ಬರಬಾರದೆಂದು ಅಷ್ಟೆಲ್ಲ ಮಾಡಿದ್ದು, ಸಂಗೀತಕ್ಕಲ್ಲ. ಆಚಾರ್ ತಟ್ಟೆಯನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಎರಡು ಗೀರು, ಅಷ್ಟೇ. ಉಸ್ಸಪ್ಪಾ ಎಂದು ನೆಲದ ಮೇಲೇ ಕೂತೆ.

ಮನೆಯಲ್ಲಿ ಅದನ್ನು ಹಾಕುವ ಯಂತ್ರವಿರಲಿಲ್ಲ. ಕೆಟ್ಟು ಇಪ್ಪತ್ತು ವರ್ಷವಾಗಿತ್ತಂತೆ. ನನಗೆ ಗೊತ್ತಿದ್ದ ಒಂದೇ ಯಂತ್ರ ನಮ್ಮ ವರುಣದೇವನ ಮನೆಯಲ್ಲಿತ್ತು. ಬೆಳಿಗ್ಗೆ ಅವರ ಕಿಟಕಿಯ ಮುಂದೆ ಹಾದುಹೋಗುವಾಗ ಕಂಡಿದ್ದೆ.

ಮತ್ತೆ ಅಡ್ಯಾರ್

ಆಟೋದಲ್ಲಿ ಆಚಾರ್ ರೆಕಾರ್ಡನ್ನು ಎದೆಗೆ ಒತ್ತಿ ಹಿಡಿದಿದ್ದರು, ಯಾರ ಕೈಗೂ ಕೊಡರು. ನನಗೆ ಹೊಸ ಹೆದರಿಕೆ ಹತ್ತಿಕೊಂಡಿತು. ರೆಕಾರ್ಡು ಇದೆ ಎಂದಾಯಿತು, ಸರಿ. ಚೆನ್ನಾಗಿಲ್ಲದೆ ಹೋದರೆ? ನಲವತ್ತು ವರ್ಷ ಒಬ್ಬ ಮನುಷ್ಯ ಎದೆಯಲ್ಲಿಟ್ಟುಕೊಂಡದ್ದು ಮದುವೆ ಬ್ಯಾಂಡಿನ ಹಾಗೆ ಕೇಳಿಸಿದರೆ? ಆಗ ನಾನದನ್ನು ಅವರಿಗೆ ಕೇಳಿಸಬೇಕೋ ಬೇಡವೋ? ಅಡ್ಯಾರ್ ಬರುವ ತನಕ ಇದೇ ಲೆಕ್ಕ.

ಓನರ್ ಮಾಮನ ಬಾಗಿಲು ತಟ್ಟಿದೆ. ಮೊನ್ನೆಯ ಮಾತಿಗೆ ಕ್ಷಮೆ ಕೇಳಿದೆ. ನನ್ನ ಸ್ವಭಾವಕ್ಕೆ ಅದು ಸಣ್ಣ ಕೆಲಸವಲ್ಲ. ಅವರು ರೆಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೆಸರಿಲ್ಲ. ಒಂದು ಮಗ್ಗುಲಲ್ಲಿ ಶಂಕರಾಭರಣ, ಇನ್ನೊಂದರಲ್ಲಿ ರೀತಿಗೌಳ, ವಾದ್ಯವೃಂದ, ಇಷ್ಟೇ ಅಚ್ಚಾಗಿತ್ತು. ಪಿಟೀಲೇ ಹನ್ನೆರಡು ಎಂದು ಆಚಾರ್ ಹೇಳಿದರು.

"ಹನ್ನೆರಡು ಪಿಟೀಲು ಸೇರಿ ರೀತಿಗೌಳವಾ?" ಎಂದರು ಇಂಗ್ಲಿಷಿನಲ್ಲಿ. "ಒಬ್ಬೊಬ್ಬ ಒಂದೊಂದು ಕಡೆ ಎಳೆಯುತ್ತಾನೆ. ರಾಗ ಎಲ್ಲಿ ಉಳಿಯುತ್ತದೆ?" ಆದರೂ ರೇಡಿಯೊಗ್ರಾಮಿನ ಮುಚ್ಚಳ ಎತ್ತಿದರು. ಮೊದಲು ರೀತಿಗೌಳದ ಮಗ್ಗುಲನ್ನೇ ಇಟ್ಟರು, ತಪ್ಪು ಹಿಡಿಯುವುದಕ್ಕೆ. ವಸುಧಾ ಮೇಲಿಂದ ಇಳಿದು ಬಂದು ಬಾಗಿಲಲ್ಲಿ ನಿಂತಳು.

ಮುಳ್ಳು ಕೂತಿತು. ಮೊದಲು ಬರೀ ಚರಚರ ಸದ್ದು. ಆಮೇಲೆ, ತೀರ ದೂರದಿಂದ, ಒಬ್ಬ ಗಂಡಸಿನ ದನಿ:

"ಲಾಭ, ಎರಡು, ಮೂರು, ನಾಲ್ಕು."

ಎಳೆಯ ದನಿ, ಗಟ್ಟಿ ದನಿ, ನಾನು ಎಂದೂ ಕೇಳಿರದ ದನಿ. ಆದರೂ ನಮ್ಮ ಚಿಕ್ಕಪ್ಪನದೇ. ಎರಡು ಅನ್ನುವಾಗ ಸ್ವಲ್ಪ ಎಳೆಯುವುದು, ನಾಲ್ಕನ್ನು ಕತ್ತರಿಸಿ ಬಿಡುವುದು, ಈಗಲೂ ಹಾಗೇ. ನನಗೆ ಅಳು ತಡೆಯಲಾಗಲಿಲ್ಲ. ಶಾಲೆಯಲ್ಲಿ ನನ್ನನ್ನು ಕಂಡು ನಡುಗುವ ಮಕ್ಕಳು ಆಗ ನೋಡಬೇಕಿತ್ತು.

ವೀಣೆಯೊಂದೇ ಶುರುವಾಯಿತು. ಅದರ ಕೆಳಗೆ ಪಿಟೀಲುಗಳು, ಹಾಲು ಉಕ್ಕುವ ಮುಂಚೆ ಅಂಚಿನಿಂದ ಏಳುತ್ತದಲ್ಲ, ಹಾಗೆ ಎದ್ದವು. ಸಂಗೀತದ ಹೆಚ್ಚುಕಮ್ಮಿ ಹೇಳುವಷ್ಟು ನಾನು ತಿಳಿದವಳಲ್ಲ. ನನಗೆ ತಿಳಿದದ್ದು ಇಷ್ಟು: ಅಲ್ಲಿ ಹನ್ನೆರಡು ಪಿಟೀಲಿರಲಿಲ್ಲ, ಒಂದೇ ಒಂದು ದೊಡ್ಡ ಪಿಟೀಲಿತ್ತು. ಸ್ವರ ತೂಗಿದರೆ ಎಲ್ಲ ಕೈಗಳೂ ಅಷ್ಟೇ ತೂಗುತ್ತಿದ್ದವು. ಕೊಳಲು ಬಂದಾಗ ಉಳಿದವರು ಹಿಂದೆ ಸರಿದು ಜಾಗ ಬಿಟ್ಟರು. ಒಂದು ಕಡೆ ಎಲ್ಲರೂ ನಿಂತುಬಿಟ್ಟರು, ಎರಡು ಎಣಿಕೆಯಷ್ಟು ಹೊತ್ತು ಏನೂ ಇಲ್ಲ, ಆಮೇಲೆ ನಲವತ್ತೂ ಜನ ಒಟ್ಟಿಗೆ. ನಾವು ಸುಮ್ಮನೆ ಕೂತುಬಿಟ್ಟಿದ್ದೆವು, ಚಿಕ್ಕಪ್ಪ ಹೇಳಿದ್ದ ಹಾಗೆಯೇ. ಆಚಾರ್ ಕಣ್ಣು ಮುಚ್ಚಿದ್ದರು, ಎಡಗೈ ಬೆರಳು ಮೊಣಕಾಲಿನ ಮೇಲೆ ನುಡಿಸುತ್ತಿತ್ತು.

ಮುಗಿಯಿತು. ಮಾಮ ಎದ್ದು ಹೋಗಿ ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೇ ಇಟ್ಟರು. ಎರಡನೇ ಸಲವೂ ಮುಗಿದ ಮೇಲೆ ಕನ್ನಡಕ ತೆಗೆದು ಅಂಗವಸ್ತ್ರದಲ್ಲಿ ಒರೆಸುತ್ತಾ ಕೇಳಿದರು: "ಈ ಮನುಷ್ಯ ಎಲ್ಲಿದ್ದಾರೆ?"

"ತುಮಕೂರಿನಲ್ಲಿ, ನಮ್ಮ ಮನೆ ಜಗುಲಿಯ ಮೇಲೆ" ಅಂದೆ. ಎರಡು ವರ್ಷದಿಂದ ಎದೆಯ ಮೇಲಿದ್ದ ಬೀಸುವ ಕಲ್ಲು ಇಳಿದ ಹಾಗಾಯಿತು. ಅಬ್ಬ. ಅವರು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳದಿದ್ದದ್ದು ಮಾತ್ರವಲ್ಲ, ಇದ್ದದ್ದಕ್ಕಿಂತ ಕಮ್ಮಿಯೇ ಹೇಳಿದ್ದರು.

ಎಣಿಕೆಯನ್ನು ಯಾರೂ ಕತ್ತರಿಸಿ ತೆಗೆಯಲಿಲ್ಲವೇಕೆ ಎಂದು ಆಚಾರರನ್ನು ಕೇಳಿದೆ.

"ಸೌಂಡ್ ಇಂಜಿನಿಯರ್ ಬೇಕಂತಲೇ ಬಿಟ್ರು ಅಮ್ಮಾ. ಹೆಸರು ಹಾಕಕ್ಕೆ ಬಿಡಲಿಲ್ಲ, ದನಿಯಾದ್ರೂ ಇರಲಿ ಅಂತ. ಮಾಸ್ಟರ್‌ಗೆ ಅದು ಗೊತ್ತಿಲ್ಲ. ರೆಕಾರ್ಡು ಬರೋ ಹೊತ್ತಿಗೆ ಹೋಗಿಬಿಟ್ಟಿದ್ರು."

ರೆಕಾರ್ಡನ್ನು ಕೊಡುತ್ತೀರಾ ಎಂದು ನಾನು ಕೇಳಲಿಲ್ಲ. ಅವರ ಯೌವನವೂ ಅದರಲ್ಲೇ ಇತ್ತಲ್ಲ. ಮಾಮನೇ ಎರಡೂ ಮಗ್ಗುಲನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿಕೊಟ್ಟರು. ಬಾಗಿಲು ಕಿಟಕಿ ಹಾಕಿ, ಫ್ಯಾನು ನಿಲ್ಲಿಸಿ, ನಮ್ಮನ್ನೆಲ್ಲ ಉಸಿರಾಡದ ಹಾಗೆ ಕೂರಿಸಿ. ತಮಗೂ ಒಂದು ಮಾಡಿಕೊಂಡರು. ಆ ಸಂಜೆ ಮೋಟಾರು ಅರ್ಧ ಗಂಟೆ ಓಡಿತು. "ಚಿಕ್ಕಮ್ಮ, ನೀವು ಇನ್ನೊಂದು ವಾರ ಇರಿ" ಅಂದಳು ವಸುಧಾ.

ಮನೆ

ವಾಪಸು ರೈಲಿನಲ್ಲಿ ಕ್ಯಾಸೆಟ್ಟನ್ನು ಮೇಲೆ ಇಡಲಿಲ್ಲ. ಕರ್ಚೀಫಿನಲ್ಲಿ ಸುತ್ತಿ ಕೈಯಲ್ಲೇ ಹಿಡಿದು ಬಂದೆ.

ಮಾರನೇ ಬೆಳಿಗ್ಗೆ ತಿಂಡಿಯಾದ ಮೇಲೆ ಚಿಕ್ಕಪ್ಪ ಜಗುಲಿಯ ಮೇಲೆ ಕೂತಿದ್ದರು. ಟೇಪ್ ರೆಕಾರ್ಡರನ್ನು ಅವರ ಎಡಗಿವಿಯ ಪಕ್ಕ ಸ್ಟೂಲಿನ ಮೇಲಿಟ್ಟು, ಏನೂ ಹೇಳದೆ, ದನಿ ಪೂರ್ತಿ ಏರಿಸಿ ಒತ್ತಿದೆ. ಚರಚರ ಸದ್ದು. "ಏನಿದು, ಮಳೆನಾ?" ಅಂದರು. ಆಮೇಲೆ ಲಾಭ, ಎರಡು, ಮೂರು, ನಾಲ್ಕು.

ಅವರ ಬಲಗೈ ತೊಡೆಯ ಮೇಲಿಂದ ಎದ್ದಿತು. ಅಷ್ಟು ಮೆಲ್ಲಗೆ ಎದ್ದಿತು, ಅವರಿಗೇ ಗೊತ್ತಿತ್ತೋ ಇಲ್ಲವೋ. ಕೊನೆಯವರೆಗೂ ಇಳಿಯಲಿಲ್ಲ. ಎಲ್ಲರೂ ನಿಲ್ಲುವ ಆ ಜಾಗದಲ್ಲಿ ಮುಷ್ಟಿ ಮುಚ್ಚಿತು, ಮತ್ತೆ ತೆರೆಯಿತು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅವಳಿಗೂ ಸ್ವಲ್ಪ ತಡಿ ಅನ್ನುವಂತೆ ಎಡಗೈ ಅಡ್ಡ ಹಿಡಿದರು.

ಮುಗಿದ ಮೇಲೆ, "ಕ್ಲಾರಿನೆಟ್ಟಿನವನು ಅವತ್ತೂ ಹಿಂದೆ ಬಿದ್ದ" ಅಂದರು.

"ನನಗೆ ಗೊತ್ತಾಗಲಿಲ್ಲ ಚಿಕ್ಕಪ್ಪ."

"ನಿನಗೆ ಎಲ್ಲಿ ಗೊತ್ತಾಗುತ್ತೆ."

"ಚಿಕ್ಕಪ್ಪ, ತಪ್ಪಾಯ್ತು" ಅಂದೆ.

"ಹ್ಞಾ?"

"ತಪ್ಪಾಯ್ತು ಅಂದೆ. ಅವತ್ತು ಊಟದ ಹೊತ್ತಲ್ಲಿ ಹಾಗೆ ಅನ್ನಬಾರದಿತ್ತು."

"ಜೋರಾಗಿ ಹೇಳು ಪದ್ದೂ, ಕೇಳಿಸ್ತಿಲ್ಲ."

ಕೂಗಿ ಹೇಳಿದೆ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ಮೊದಲನೇ ಸಲವೇ ಅವರಿಗೆ ಕೇಳಿಸಿತ್ತು ಎಂದು ನನಗೆ ಈಗಲೂ ಅನುಮಾನ. ಆಚಾರರ ವಿಷಯ ಹೇಳಿದೆ, ಹಪ್ಪಳದ ಡಬ್ಬದ ವಿಷಯ ಹೇಳಿದೆ. ಸೌಂಡ್ ಇಂಜಿನಿಯರು ದನಿಯನ್ನು ಬೇಕೆಂದೇ ಉಳಿಸಿದ್ದು ಹೇಳಿದಾಗ ಮುಖ ಆ ಕಡೆ ತಿರುಗಿಸಿಕೊಂಡರು. ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು.

ಮಾತ್ರೆಯ ಹೊತ್ತು ಮೀರಿತ್ತು. ಡಬ್ಬಿ ತಂದು ಅವರ ಅಂಗೈ ಹಿಡಿದು, ಅಳು ನುಂಗಿಕೊಂಡು ಬೇಗಬೇಗ ಎಣಿಸಿದೆ. "ಲಾಭ, ಎರಡು, ಮೂರು, ನಾಲ್ಕು."

ಚಿಕ್ಕಪ್ಪ ಮಾತ್ರೆ ನುಂಗಲಿಲ್ಲ. ಅಂಗೈಯನ್ನು ನನ್ನ ಕಡೆ ಚಾಚಿ ನಾಲ್ಕನ್ನೂ ವಾಪಸು ಡಬ್ಬಿಗೆ ಸುರಿದರು.

"ಓಡ್ತಿದೀಯ" ಅಂದರು. "ಇನ್ನೊಂದು ಟೇಕ್ ಹೋಗೋಣ."

ನಾನು ಕಣ್ಣೊರೆಸಿಕೊಂಡು, ಅವರ ಬಲಗೈ ಮೇಲೇಳುವುದನ್ನೇ ಕಾದು, ಮತ್ತೆ ಲಾಭದಿಂದ ಶುರುಮಾಡಿದೆ.